ಹೊಳೆಗೆ ಬೆನ್ನು ಮಾಡಿ ಟೆಂಟಿನ ಜಾಗ ನೋಡುವುದು

ಬೆಟ್ಟದ ಹೊಳೆಯ ಕಂದರಕ್ಕೆ ಕ್ಯಾಂಪಿಂಗಿಗೆ ಹೋದವರು ಕಾರಿನಿಂದ ಇಳಿದ ಕೂಡಲೇ ನೀರಿನ ಕಡೆ ನಡೆಯುತ್ತಾರೆ. ನಾನು ನೀರಿಗೆ ಬೆನ್ನು ಮಾಡಿ ನಿಲ್ಲುತ್ತೇನೆ. ಟೆಂಟಿನ ಹಿಂದೆ ಏನಿದೆ, ಆ ಇಳಿಜಾರು ಎಲ್ಲಿಂದ ಇಳಿದು ಬಂದಿದೆ, ಅದರ ನೆತ್ತಿಯಲ್ಲಿ ಮರ ಇವೆಯೋ ಸುಟ್ಟ ಕಂಬಗಳೋ, ಪಕ್ಕದಲ್ಲಿ ಒಣಗಿದ ಕೊರಕಲು ಏನಾದರೂ ಇದೆಯೋ, ಇಷ್ಟು ನೋಡಿ ಮುಗಿಸುವವರೆಗೆ ಡಿಕ್ಕಿಯಿಂದ ಸಾಮಾನು ಇಳಿಸುವುದಿಲ್ಲ. ಅಮೆರಿಕದ ಕೊಲರಾಡೊ ರಾಜ್ಯದ ಉತ್ತರಕ್ಕಿರುವ ಕ್ಯಾಶ್ ಲ ಪೂಡರ್ ಹೊಳೆಯ ಕಂದರದಲ್ಲಿ ಬೇಸಿಗೆಯಿಂದ ಬೇಸಿಗೆಗೆ ಟೆಂಟ್ ಹಾಕುತ್ತ ಬಂದು ಕಟ್ಟಿಕೊಂಡ ಅಭ್ಯಾಸ ಇದು.

ಫೋರ್ಟ್ ಕಾಲಿನ್ಸ್ ಪಟ್ಟಣದ ವಾಯವ್ಯಕ್ಕೆ ಬಯಲು ಮುಗಿಯುತ್ತಲೇ ಕಂದರದ ಬಾಯಿ ತೆರೆದುಕೊಳ್ಳುತ್ತದೆ. ಒಳಗೆ ಇರುವುದು ಒಂದೇ ಹೆದ್ದಾರಿ, ರಾಜ್ಯ ಹೆದ್ದಾರಿ 14. ಅದು ಬಹಳ ದೂರ ಹೊಳೆಯ ಜೊತೆಯಲ್ಲೇ ಹತ್ತಿ, ಕೊನೆಗೆ ಹೊಳೆಯನ್ನು ಬಿಟ್ಟು 10,276 ಅಡಿ ಎತ್ತರದ ಕ್ಯಾಮರಾನ್ ಪಾಸ್ ಎಂಬ ಘಟ್ಟದ ನೆತ್ತಿ ಮುಟ್ಟುತ್ತದೆ. ಈ ಹೊಳೆಗೆ 1986ರಲ್ಲಿ ರಾಷ್ಟ್ರೀಯ 'ವೈಲ್ಡ್ ಅಂಡ್ ಸೀನಿಕ್' ನದಿ, ಅಂದರೆ ಸಹಜವಾಗಿ ಹರಿಯಲು ಬಿಟ್ಟು ಕಾಪಾಡಬೇಕಾದ ನದಿ, ಎಂಬ ಮಾನ್ಯತೆ ಸಿಕ್ಕಿತು. ಕೊಲರಾಡೊದಲ್ಲಿ ಆ ಮಾನ್ಯತೆ ಇರುವುದು ಇದೊಂದಕ್ಕೇ. ದಾರಿಯುದ್ದಕ್ಕೂ ಅರಣ್ಯ ಇಲಾಖೆಯ ಕ್ಯಾಂಪ್‌ಗ್ರೌಂಡುಗಳಿವೆ: ಆನ್ಸೆಲ್ ವಾಟ್ರಸ್, ಸ್ಟೋವ್ ಪ್ರೈರಿ, ನ್ಯಾರೋಸ್, ಡಚ್ ಜಾರ್ಜ್, ಮೌಂಟನ್ ಪಾರ್ಕ್, ಕೆಲಿ ಫ್ಲಾಟ್ಸ್, ಬಿಗ್ ಬೆಂಡ್, ಸ್ಲೀಪಿಂಗ್ ಎಲಿಫೆಂಟ್, ಆಸ್ಪೆನ್ ಗ್ಲೆನ್. ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಎತ್ತರವೂ ಏರುತ್ತದೆ. ಮೊದಲನೆಯದು 6,000 ಅಡಿಯ ಆಸುಪಾಸಿನಲ್ಲಿದೆ, ಕೊನೆಯದು 8,600 ಅಡಿ ದಾಟುತ್ತದೆ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬ ಲೆಕ್ಕದಲ್ಲಿ, ಒಂದೇ ರಾತ್ರಿ ಕೆಳಗಿನವರು ಹೊದಿಕೆ ಕಾಲಿನಿಂದ ತಳ್ಳುತ್ತಿದ್ದರೆ ಮೇಲಿನವರು ಟೋಪಿ ಹಾಕಿಕೊಂಡು ಮಲಗಿರುತ್ತಾರೆ.

ಹಾಗಾಗಿ ಕ್ಯಾಂಪ್‌ಗ್ರೌಂಡ್ ಹುಡುಕುವ ಮೊದಲು ತಿಂಗಳು ನಿಶ್ಚಯ ಮಾಡಿಕೊಳ್ಳುತ್ತೇನೆ. ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಹಿಮ ಕರಗಿದ ನೀರು ತುಂಬಿ ಹರಿಯುತ್ತದೆ. ಮೇಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಆಗಿನ್ನೂ ಚಳಿ, ಕೆಲವು ತೆರೆದಿರುವುದೂ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಮಧ್ಯಾಹ್ನ ಕಳೆದ ಮೇಲೆ ಗುಡುಗು ಮಳೆ. ಸೆಪ್ಟೆಂಬರಿನಲ್ಲಿ ಹೊಳೆ ಇಳಿದು ಕಲ್ಲುಗಳು ತೋರುತ್ತವೆ, ಆಕಾಶ ತಿಳಿಯಾಗುತ್ತದೆ. ಒಂದೇ ಸೈಟು, ಅಂದರೆ ಕ್ಯಾಂಪ್‌ಗ್ರೌಂಡಿನಲ್ಲಿ ಒಂದು ಟೆಂಟಿಗೆಂದು ಗೊತ್ತುಮಾಡಿದ ಜಾಗ, ಈ ಮೂರು ಕಾಲಕ್ಕೂ ಒಗ್ಗುವುದಿಲ್ಲ. 'ಪೂಡರಿನಲ್ಲಿ ಯಾವ ಕ್ಯಾಂಪ್‌ಗ್ರೌಂಡ್ ಚೆನ್ನಾಗಿದೆ?' ಎಂದು ಯಾರಾದರೂ ಕೇಳಿದರೆ 'ಯಾವ ತಿಂಗಳು?' ಎಂದು ತಿರುಗಿ ಕೇಳುವುದು ಇದಕ್ಕೇ.

ಆಮೇಲೆ ನಕ್ಷೆ. ಮುಂಗಡ ಕಾದಿರಿಸುವ ಸೈಟುಗಳು ಆನ್‌ಲೈನ್‌ನಲ್ಲಿ ಆರು ತಿಂಗಳ ಮುಂಚೆಯೇ ತೆರೆಯುತ್ತವೆ. ಅಲ್ಲಿರುವ ಫೋಟೊಗಳೆಲ್ಲ ಹೊಳೆಯ ಕಡೆ ಮುಖ ಮಾಡಿ ತೆಗೆದವು. ಅವನ್ನು ನಂಬದೆ ಎತ್ತರದ ಗೆರೆಗಳಿರುವ ನಕ್ಷೆ ತೆರೆದು, ಪಕ್ಕದಲ್ಲಿ ಉಪಗ್ರಹ ಚಿತ್ರ ಇಟ್ಟುಕೊಂಡು ಕೂರುತ್ತೇನೆ. ಹುಡುಕುವುದು ಒಂದು ಆಕಾರವನ್ನು: ಪಕ್ಕದ ಹಳ್ಳ ಬೆಟ್ಟದಿಂದ ಇಳಿದು ಕಂದರದ ತಳ ಸೇರುವ ಕಡೆ ಬೀಸಣಿಗೆಯಂತೆ ಹರಡಿಕೊಂಡ ಮಟ್ಟಸ ಜಾಗ. ಕಡಿದಾದ ಗೋಡೆಗಳ ನಡುವೆ ಟೆಂಟಿಗೆ ಹೇಳಿ ಮಾಡಿಸಿದಂತೆ ಕಾಣುವುದು ಅದೇ. ನೆಲ ಹದವಾಗಿರುತ್ತದೆ, ನೀರು ಬಸಿದುಹೋಗುತ್ತದೆ, ಹುಲ್ಲೂ ಇರುತ್ತದೆ. ಆದರೆ ಆ ನೆಲವನ್ನು ತಂದು ಹಾಸಿದ್ದು ಅದೇ ಹಳ್ಳ. ಕಲ್ಲು, ಮಣ್ಣು, ಮರದ ದಿಮ್ಮಿಗಳನ್ನು ಒಂದೊಂದು ಮಳೆಗೂ ಹೊತ್ತು ತಂದು ಸುರಿದು ಆದ ದಿಬ್ಬ ಅದು. ಹಳ್ಳ ಎಷ್ಟೋ ವರ್ಷ ಒಣಗಿರಬಹುದು. ಮುಂದಿನ ಸಲ ದಿಬ್ಬದ ಯಾವ ಬದಿಯಿಂದ ಇಳಿಯುತ್ತದೆ ಎಂದು ಹೇಳಲು ಬರುವುದಿಲ್ಲ. ಸ್ಪೇನಿನ ಬಿಯೆಸ್ಕಾಸ್‌ನಲ್ಲಿ 1996ರ ಆಗಸ್ಟ್ 7ರ ಸಂಜೆ 87 ಜನ ಸತ್ತದ್ದು ಇಂಥದೇ ದಿಬ್ಬದ ಮೇಲಿದ್ದ ಕ್ಯಾಂಪ್‌ಗ್ರೌಂಡಿನಲ್ಲಿ. ಅವರ ಮೇಲೆ ಬಂದದ್ದು ಪಕ್ಕದ ಸಣ್ಣ ಹಳ್ಳ, ದೊಡ್ಡ ಹೊಳೆ ಅಲ್ಲ.

ಪೂಡರ್ ಕಂದರದಲ್ಲಿ ಇದಕ್ಕೆ ಬೆಂಕಿಯ ಕಥೆಯೂ ಸೇರುತ್ತದೆ. ಕೆಳಭಾಗದಲ್ಲಿ 2012ರ ಹೈ ಪಾರ್ಕ್ ಬೆಂಕಿ, ಮೇಲ್ಭಾಗದಲ್ಲಿ 2020ರ ಕ್ಯಾಮರಾನ್ ಪೀಕ್ ಬೆಂಕಿ. ಎರಡನೆಯದು ಎರಡು ಲಕ್ಷ ಎಕರೆ ಮೀರಿ ಸುಟ್ಟು, ಕೊಲರಾಡೊದ ದಾಖಲೆಯಲ್ಲೇ ಅತಿ ದೊಡ್ಡದಾಯಿತು. ಸುಟ್ಟ ಇಳಿಜಾರಿನಲ್ಲಿ ಎಲೆಗೊಬ್ಬರ ಉಳಿಯುವುದಿಲ್ಲ, ಬೇರಿನ ಹಿಡಿತ ಸಡಿಲವಾಗುತ್ತದೆ, ಮಣ್ಣಿನ ಮೇಲೆ ನೀರು ಇಂಗದ ಪದರ ಕೂರುತ್ತದೆ. ಕಾಡಿದ್ದಾಗ ನೆಲ ಕುಡಿಯುತ್ತಿದ್ದ ಮಳೆ ಈಗ ಹಾಗೇ ಜಾರಿ, ಬೂದಿ ಮಣ್ಣು ಸೇರಿಸಿಕೊಂಡು ಬರುತ್ತದೆ. 2021ರ ಜುಲೈ 20ರಂದು ಬ್ಲ್ಯಾಕ್ ಹಾಲೋ ಎಂಬ ಪಕ್ಕದ ಹಳ್ಳ ಹೀಗೆ ಇಳಿದು ಮನೆಗಳನ್ನು ಕೊಚ್ಚಿಕೊಂಡು ಹೋಯಿತು, ನಾಲ್ವರು ಸತ್ತರು. ಅದಾದ ಮೇಲೆ ಸೈಟು ಆರಿಸುವಾಗ ಬೆಂಕಿಯ ಗಡಿರೇಖೆಯನ್ನೂ ನಕ್ಷೆಯ ಮೇಲೆ ಹಾಕಿಕೊಂಡು, ಹಿಂದಿನ ಹಳ್ಳದ ತಲೆ ಸುಟ್ಟ ಜಾಗದಲ್ಲಿದೆಯೇ ಎಂದು ನೋಡುತ್ತೇನೆ. ಮೊದಲ ಕೆಲವು ವರ್ಷ ಅಪಾಯ ಹೆಚ್ಚು, ಹುಲ್ಲು ಪೊದೆ ಹಿಡಿದಂತೆ ಇಳಿಯುತ್ತದೆ. 2012ರಲ್ಲಿ ಸುಟ್ಟ ಇಳಿಜಾರುಗಳು ಈಗ ಹಸಿರಾಗಿವೆ. ಮೇಲಿನವಕ್ಕೆ ಇನ್ನೂ ಕಾಲ ಬೇಕು.

ಪಕ್ಕದ ಬಿಗ್ ಥಾಂಪ್ಸನ್ ಕಂದರದ ಕಥೆ ಈ ಭಾಗದಲ್ಲಿ ಎಲ್ಲರಿಗೂ ಗೊತ್ತು. 1976ರ ಜುಲೈ 31ರ ಸಂಜೆ ಮೇಲ್ಭಾಗದಲ್ಲಿ ಕೆಲವೇ ಗಂಟೆಗಳಲ್ಲಿ ಒಂದು ಅಡಿಯಷ್ಟು ಮಳೆ ಸುರಿಯಿತು. ಕೆಳಗಿದ್ದವರ ಮೇಲೆ ಮಳೆಯೇ ಸರಿಯಾಗಿ ಬಿದ್ದಿರಲಿಲ್ಲ. 144 ಜನ ಹೋದರು. ಅಂದಿನಿಂದ ಕೊಲರಾಡೊದ ಕಂದರದ ರಸ್ತೆಗಳಲ್ಲಿ ನೆರೆ ಬಂದರೆ ಮೇಲಕ್ಕೆ ಹತ್ತಿ ಎಂದು ಹೇಳುವ ಫಲಕಗಳಿವೆ, ಗುಡ್ಡ ಹತ್ತುವ ಮನುಷ್ಯನ ಚಿತ್ರದ ಸಮೇತ. ಕಾರು ಹತ್ತಿ ಓಡಿ ಎಂದು ಅದು ಹೇಳುವುದಿಲ್ಲ. ರಭಸದ ನೀರು ಅರ್ಧ ಅಡಿ ಇದ್ದರೆ ದೊಡ್ಡವರನ್ನೇ ಕೆಡವುತ್ತದೆ, ಒಂದು ಅಡಿ ಇದ್ದರೆ ಕಾರನ್ನು ಸರಿಸುತ್ತದೆ; ಇನ್ನು ಕಂದರದ ರಸ್ತೆ ನೀರಿನ ಜೊತೆಗೇ ಇಳಿಯುವಂಥದು. ಹಾಗಾಗಿ ನನಗೆ ಬೇಕಾದ ಸೈಟಿಗೆ ಕಾಲುದಾರಿಯ ಮಟ್ಟಿಗಾದರೂ ಎತ್ತರಕ್ಕೆ ಹೋಗುವ ಹಾದಿ ಇರಬೇಕು. ಹಿಂದೆ ನೇರ ಬಂಡೆಗೋಡೆ, ಮುಂದೆ ಹೊಳೆ, ನಡುವೆ ಟೆಂಟು ಎಂಬ ಜಾಗ ಎಷ್ಟೇ ಚೆಂದವಿದ್ದರೂ ಬಿಡುತ್ತೇನೆ. ಕಂದರ ತೀರ ಕಿರಿದಾಗುವ ನ್ಯಾರೋಸ್ ಸುತ್ತಮುತ್ತ ಜುಲೈ ತಿಂಗಳಲ್ಲಿ ನಾನು ಮಲಗುವುದಿಲ್ಲ. ಸೆಪ್ಟೆಂಬರಿನಲ್ಲಿ ಅಲ್ಲಿಗೇ ಹೋಗುತ್ತೇನೆ.

ಇದೆಲ್ಲ ಮನೆಯಲ್ಲಿ ಕೂತು ಮಾಡುವುದು. ಜಾಗಕ್ಕೆ ಹೋದ ಮೇಲೆ ನೋಡುವ ಗುರುತುಗಳೇ ಬೇರೆ. ಮರದ ಕೊಂಬೆಗಳಲ್ಲಿ ಕಸಕಡ್ಡಿ ಸಿಕ್ಕಿಕೊಂಡಿದ್ದರೆ ಹಿಂದೊಮ್ಮೆ ನೀರು ಅಷ್ಟೆತ್ತರ ಬಂದಿತ್ತು ಎಂದು ಅರ್ಥ. ನುಣುಪು ಮರಳು ಚೆಲ್ಲಿದ, ಪೊದೆಗಳೆಲ್ಲ ಒಂದೇ ಕಡೆ ವಾಲಿದ ಜಾಗವೂ ಹಾಗೆಯೇ. ವಿಲ್ಲೋ, ಆಲ್ಡರ್‌ನಂಥ ಎಳೆ ಗಿಡಗಳು ಮಾತ್ರ ಇರುವ ಮಟ್ಟ ಹೊಳೆಗೆ ಸೇರಿದ್ದು. ದಪ್ಪ ಕಾಂಡದ ಹಳೆಯ ಪಾಂಡರೋಸಾ ಪೈನ್ ನಿಂತಿರುವ ಮಟ್ಟಕ್ಕೆ ಹೊಳೆ ಬಹುಕಾಲದಿಂದ ಬಂದಿಲ್ಲ. ಬಂಡೆಗಳ ವಿಷಯದಲ್ಲಿ ಕಲ್ಲುಹೂವನ್ನು ನೋಡುತ್ತೇನೆ. ಸುತ್ತ ಬಿದ್ದಿರುವ ಬಂಡೆಗಳ ಮೈತುಂಬ ಕಲ್ಲುಹೂವು ಹಬ್ಬಿದ್ದರೆ ಅವು ಉರುಳಿ ಬಂದು ಬಹಳ ಕಾಲವಾಗಿದೆ. ಒಡೆದ ಮುಖ ಹೊಸದಾಗಿ ಬೆಳ್ಳಗಿದ್ದು, ಪಕ್ಕದ ಮರಗಳ ಬೆಟ್ಟದ ಕಡೆಯ ತೊಗಟೆ ಜಜ್ಜಿಹೋಗಿದ್ದರೆ, ಅಲ್ಲಿ ಊಟದ ಮೇಜನ್ನೂ ಇಡುವುದು ಬೇಡ. ಮೇಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ತಲೆ ಎತ್ತಿ ಇನ್ನೂ ಒಂದು ನೋಡಬೇಕು, ಒಣಮರ. ತೊಗಟೆ ಹುಳು ತಿಂದು ಸತ್ತ ಲಾಡ್ಜ್‌ಪೋಲ್ ಪೈನ್‌ಗಳು ನಿಂತ ಹಾಗೇ ನಿಂತಿರುತ್ತವೆ, ಗಾಳಿಗೆ ಮುನ್ಸೂಚನೆ ಕೊಡದೆ ಬೀಳುತ್ತವೆ.

ಹೊಳೆಯ ಸದ್ದಿನ ಬಗ್ಗೆ ಹೊಗಳುವವರೇ ಜಾಸ್ತಿ. ಜೂನ್ ತಿಂಗಳಲ್ಲಿ ದಡಕ್ಕಂಟಿದ ಸೈಟಿನಲ್ಲಿ ಮಲಗಿ ನೋಡಿ. ನೀರಿನ ಮೊರೆತ ಎದುರಿನ ಬಂಡೆಗೆ ಬಡಿದು ಮರಳಿ ಬರುತ್ತದೆ, ಟೆಂಟಿನೊಳಗೂ ದನಿ ಏರಿಸಿಯೇ ಮಾತಾಡಬೇಕು. ಅದು ಸಂಜೆಗಿಂತ ರಾತ್ರಿ ಜೋರಾಗುವುದೂ ಉಂಟು. ಮಧ್ಯಾಹ್ನದ ಬಿಸಿಲಿಗೆ ಎತ್ತರದಲ್ಲಿ ಕರಗಿದ ಹಿಮ ನಮ್ಮ ಮುಂದೆ ಹಾದುಹೋಗುವಷ್ಟರಲ್ಲಿ ಕತ್ತಲಾಗಿರುತ್ತದೆ. ನಿದ್ದೆ ಹೋದರೆ ಹೋಗಲಿ. ದೂರದ ಗುಡುಗು, ಮಕ್ಕಳು ಕೂಗಿದ್ದು, ತಟ್ಟೆ ಪಾತ್ರೆಗೆ ಬಾಯಿ ಹಾಕಿದ ಪ್ರಾಣಿ, ಯಾವುದೂ ಕೇಳಿಸುವುದಿಲ್ಲ, ನನಗೆ ಸಮಸ್ಯೆ ಅದು. ಸೆಪ್ಟೆಂಬರಿನಲ್ಲಿ ಇದು ತಿರುವುಮುರುವು. ನೀರು ಇಳಿದು ಸದ್ದು ಮೆತ್ತಗಾದಾಗ ಹೆದ್ದಾರಿಯ ಮೋಟಾರ್‌ಸೈಕಲ್‌ಗಳು ಕೇಳಿಸತೊಡಗುತ್ತವೆ. ಆಗ ದಡದ ಸೈಟೇ ಬೇಕು, ರಸ್ತೆಯ ಗದ್ದಲವನ್ನು ಹೊಳೆ ಸ್ವಲ್ಪವಾದರೂ ಮುಚ್ಚುತ್ತದೆ.

ಊರಿಂದ ಬಂದಿದ್ದ ಅಪ್ಪನಿಗೆ ಜೂನ್‌ನ ನನ್ನ ಆಯ್ಕೆ ಹಿಡಿಸಿರಲಿಲ್ಲ.

"ಅಲ್ಲಮ್ಮಾ, ಇಷ್ಟು ದೂರ ಬಂದು ಹೊಳೆ ಕಾಣ್ದೇ ಇರೋ ಕಡೆ ಮಲಗೋದಾ?"

"ಕುರ್ಚಿ ಹೊಳೆ ಹತ್ರಾನೇ ಹಾಕ್ತೀನಿ ಅಪ್ಪಾ. ಹಾಸಿಗೆ ಮಾತ್ರ ಇಲ್ಲಿ."

ಹಗಲೆಲ್ಲ ಅವರು ನೀರಿನ ಪಕ್ಕವೇ ಕೂತಿದ್ದರು. ರಾತ್ರಿ ಮೇಲೆ ಬಂದಾಗ ಇಲ್ಲಿ ಚಳಿ ಕಡಿಮೆ ಎಂದು ಅವರೇ ಹೇಳಿದರು. ಅದಕ್ಕೂ ಕಾರಣ ಇದೆ. ಸೂರ್ಯ ಮುಳುಗಿದ ಮೇಲೆ ಇಳಿಜಾರಿನ ಗಾಳಿ ತಣ್ಣಗಾಗಿ, ಭಾರವಾಗಿ ಕೆಳಗೆ ಹರಿದು ತಳದಲ್ಲಿ ನಿಲ್ಲುತ್ತದೆ. ಹಗಲು ಕಂದರದಲ್ಲಿ ಮೇಲ್ಮುಖವಾಗಿ ಬೀಸುವ ಗಾಳಿ ರಾತ್ರಿ ಕೆಳಮುಖವಾಗುವುದೂ ಇದರಿಂದಲೇ. ಹೊಳೆಗಿಂತ ಒಂದಿಪ್ಪತ್ತು ಅಡಿ ಮೇಲಿದ್ದರೂ ವ್ಯತ್ಯಾಸ ಮೈಗೆ ತಿಳಿಯುತ್ತದೆ. ಬೆಳಿಗ್ಗೆ ಟೆಂಟಿನ ಒಳಮೈಯಿಂದ ಹನಿ ತೊಟ್ಟಿಕ್ಕುವುದೂ ಕಡಿಮೆ. ಟೆಂಟಿನ ಬಾಗಿಲನ್ನು ಕಂದರದ ಕೆಳದಿಕ್ಕಿಗೆ ಇಡುತ್ತೇನೆ, ರಾತ್ರಿಯ ಗಾಳಿ ಬೆನ್ನಿಗೆ ಬೀಳಲಿ ಎಂದು.

ಬಿಸಿಲಿನ ಲೆಕ್ಕವೂ ಇಲ್ಲಿ ಬೇರೆ. ಸೂರ್ಯೋದಯ ಆರು ಗಂಟೆಗೆ ಎಂದು ಫೋನು ಹೇಳಿದರೂ ಗೋಡೆಯ ನೆರಳು ಟೆಂಟನ್ನು ಬಿಡುವಾಗ ಎಷ್ಟೋ ಹೊತ್ತಾಗಿರುತ್ತದೆ. ಹೊಳೆ ಪೂರ್ವ ಪಶ್ಚಿಮವಾಗಿ ಹರಿಯುವ ಕಡೆ ಉತ್ತರದ ದಡಕ್ಕೆ ಬಿಸಿಲು ಹೆಚ್ಚು, ದಕ್ಷಿಣದ ದಡ ಗೋಡೆಯ ನೆರಳಿನಲ್ಲೇ ಇರುತ್ತದೆ. ಜುಲೈನಲ್ಲಿ ನೆರಳಿಗಾಗಿ ದಕ್ಷಿಣದ ಕಡೆ, ಸೆಪ್ಟೆಂಬರಿನಲ್ಲಿ ಬಿಸಿಲಿಗಾಗಿ ಉತ್ತರದ ಕಡೆ ಹುಡುಕುತ್ತೇನೆ. ಮಕ್ಕಳಿದ್ದರೆ ಬೆಳಗಿನ ಬಿಸಿಲಿಗೇ ನನ್ನ ಮೊದಲ ಮಣೆ.

ಮಿಕ್ಕಿದ್ದು ಚಿಕ್ಕಪುಟ್ಟ ವಿಷಯ. ಕುಡಿಯುವ ನೀರು ಎಲ್ಲ ಕಡೆ ಇರುವುದಿಲ್ಲ, ಕಾದಿರಿಸುವಾಗಲೇ ನೋಡಿಕೊಳ್ಳಬೇಕು. ಹೊಳೆ ನೀರನ್ನು ಕುದಿಸದೆ ಅಥವಾ ಸೋಸದೆ ಕುಡಿಯುವ ಹಾಗಿಲ್ಲ. ವಿದ್ಯುತ್ ಬೇಕೆನ್ನುವವರಿಗೆ ಮೌಂಟನ್ ಪಾರ್ಕ್. ಕೆಳಭಾಗದಲ್ಲಿ ರ‍್ಯಾಟಲ್‌ಸ್ನೇಕ್ ಹಾವುಗಳಿವೆ, ಮೈ ತಾಗಿದರೆ ತುರಿಕೆ ಏಳುವ ಪಾಯ್ಸನ್ ಐವಿ ಗಿಡವೂ ಇದೆ, ಹಾಗಾಗಿ ಬಂಡೆಗಳ ಸಂದಿಗೆ ಕೈ ಹಾಕುವುದಿಲ್ಲ. ಕರಡಿ ಇಡೀ ಕಂದರದಲ್ಲಿದೆ. ತಿಂಡಿ, ಟೂತ್‌ಪೇಸ್ಟ್, ಸೋಪು ಯಾವುದೂ ಟೆಂಟಿನೊಳಗೆ ಇರಬಾರದು.

ಫೋನಿನ ಮಾತು ಮಾತ್ರ ಸ್ವಲ್ಪ ಹೇಳಬೇಕು. ಕಂದರದ ಒಳಗೆ ಹೋಗುತ್ತಿದ್ದಂತೆ ಸಿಗ್ನಲ್ ಸಾಯುತ್ತದೆ, ನೆರೆಯ ಎಚ್ಚರಿಕೆ ಫೋನಿಗೆ ಬರುತ್ತದೆಂದು ನೆಚ್ಚಿಕೊಳ್ಳುವ ಹಾಗಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನಕ್ಕೂ ಆಕಾಶ ಅಗಲವಾಗಿ ಕಾಣಬೇಕು, ಕಿರಿದಾದ ಕಡೆ ಅದೂ ತಡವರಿಸುತ್ತದೆ. ಹವಾಮಾನ ವರದಿಯನ್ನು ಕಂದರದ ಬಾಯಲ್ಲೇ ನೋಡಿಕೊಳ್ಳುತ್ತೇನೆ, ನಮ್ಮ ಸೈಟಿನದಲ್ಲ, ಹೊಳೆಯ ಮೇಲ್ಭಾಗದ್ದು. ಜೂನ್‌ನಲ್ಲಾದರೆ ಹೊಳೆಯ ಹರಿವಿನ ಅಳತೆಯನ್ನೂ ನೋಡುತ್ತೇನೆ. ದಿನದಿಂದ ದಿನಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದರೆ ಸಾಕು.

ಇಷ್ಟಕ್ಕೆಲ್ಲ ಬೆಳಕು ಬೇಕಾದ್ದರಿಂದ ಮಧ್ಯಾಹ್ನ ಮೂರರೊಳಗೆ ತಲುಪುವ ಹಾಗೆ ಹೊರಡುತ್ತೇನೆ. ಸೈಟು ಸರಿ ಕಾಣದಿದ್ದರೆ ಕ್ಯಾಂಪ್ ನೋಡಿಕೊಳ್ಳುವವರನ್ನು ಕೇಳುತ್ತೇನೆ. ವಾರದ ದಿನಗಳಲ್ಲಿ ಖಾಲಿ ಇದ್ದರೆ ಬದಲಿಸಿ ಕೊಡುವುದುಂಟು. ಇಲ್ಲದಿದ್ದರೆ ಕೊಟ್ಟ ಸೈಟಿನಲ್ಲೇ ಟೆಂಟನ್ನು ಆದಷ್ಟು ಎತ್ತರದ ಮೂಲೆಗೆ ಸರಿಸುತ್ತೇನೆ. ಹಿಂದಿನ ಕೊರಕಲು ಸುಟ್ಟ ಗುಡ್ಡದಿಂದ ಇಳಿದಿದ್ದು, ಮೇಲ್ಭಾಗಕ್ಕೆ ಜೋರು ಮಳೆಯ ಮುನ್ಸೂಚನೆಯೂ ಇದ್ದರೆ, ಕಟ್ಟಿದ ಹಣ ಹೋದರೂ ಸರಿ, ಮೋಡ ಕಟ್ಟುವ ಮೊದಲೇ ಕಾರು ತಿರುಗಿಸಿ ಕೆಳಗಿಳಿಯುತ್ತೇನೆ.