ಶಿಕ್ಷಕ ವೃತ್ತಿ ಬಿಟ್ಟ ಮೇಲೆ ಮನಸ್ಸನ್ನು ಚೇತರಿಸಿಕೊಳ್ಳುವ ಬಗೆ

ಒತ್ತಡ ತಾಳಲಾರದೆ ಶಾಲೆ ಬಿಟ್ಟ ಶಿಕ್ಷಕರು ರಾಜೀನಾಮೆ ಕೊಟ್ಟ ಮರುದಿನವೇ ಹಗುರಾಗುತ್ತೇವೆಂದು ಎಣಿಸಿರುತ್ತಾರೆ. ಸಾಮಾನ್ಯವಾಗಿ ಹಾಗೆ ಆಗುವುದಿಲ್ಲ. ನಸುಕಿನಲ್ಲೇ ಎಚ್ಚರವಾಗುವುದು, ಭಾನುವಾರ ಸಂಜೆ ಹೊಟ್ಟೆಯಲ್ಲಿ ತಳಮಳ ಏಳುವುದು, ಮೊಬೈಲ್ ಸದ್ದು ಮಾಡಿದರೆ ಮುಖ್ಯೋಪಾಧ್ಯಾಯರದ್ದೇ ಇರಬೇಕೆಂದು ಎದೆ ಹೊಡೆದುಕೊಳ್ಳುವುದು, ಇವೆಲ್ಲ ಕೆಲವು ತಿಂಗಳ ತನಕ ಉಳಿಯಬಹುದು. ಕೆಲಸ ಬಿಟ್ಟ ನಿರ್ಧಾರವೇ ತಪ್ಪಾಯಿತೇನೋ ಎಂಬ ಅನುಮಾನ ಹುಟ್ಟುವುದು ಈ ಹೊತ್ತಿನಲ್ಲೇ. ಆದರೆ ಈ ಲಕ್ಷಣಗಳು ಆಯಾಸದ ಗುರುತುಗಳೇ ಹೊರತು ನಿರ್ಧಾರದ ಮೇಲಿನ ತೀರ್ಪಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ‘ಬರ್ನ್‌ಔಟ್’ ಎಂಬ ಸ್ಥಿತಿಯನ್ನು ವಿವರಿಸಿದೆ. ಶಕ್ತಿಯೆಲ್ಲ ಬಸಿದುಹೋದ ಭಾವನೆ, ಕೆಲಸದ ಬಗೆಗೆ ಜಿಗುಪ್ಸೆ ಅಥವಾ ದೂರವಾಗುವಿಕೆ, ತಾನು ಮಾಡಿದ್ದರಿಂದ ಏನೂ ಆಗುತ್ತಿಲ್ಲವೆಂಬ ಅನಿಸಿಕೆ, ಇವು ಅದರ ಮೂರು ಲಕ್ಷಣಗಳು. ಅದನ್ನು ರೋಗವೆಂದು ಕರೆಯದೆ, ಕೆಲಸದ ಸ್ಥಳದ ದೀರ್ಘಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದಾಗ ಉಂಟಾಗುವ ಸ್ಥಿತಿಯೆಂದು ಸಂಸ್ಥೆ ಹೇಳಿರುವುದನ್ನು ಗಮನಿಸಬೇಕು. ‘ನನ್ನಲ್ಲೇ ತಾಳ್ಮೆ ಸಾಲಲಿಲ್ಲ’ ಎಂದು ತಮ್ಮನ್ನೇ ಹಳಿದುಕೊಳ್ಳುವ ಶಿಕ್ಷಕರು ಇದನ್ನು ಎರಡು ಸಲ ಓದಿಕೊಳ್ಳುವುದು ಒಳ್ಳೆಯದು.

ಮೊದಲು ಮಾಡಬೇಕಾದದ್ದು ಏನನ್ನೂ ಹಚ್ಚಿಕೊಳ್ಳದಿರುವುದು. ಧಾರವಾಡದಲ್ಲಿ ಇದು ಹೇಳುವಷ್ಟು ಸುಲಭವಲ್ಲ. ಶಾಲೆ ಬಿಟ್ಟ ಸುದ್ದಿ ಹಬ್ಬಿದೊಡನೆ ಸಪ್ತಾಪುರದ ಯಾವುದೋ ಕೋಚಿಂಗ್ ಕೇಂದ್ರದಿಂದ ಕರೆ ಬರುತ್ತದೆ, ಓಣಿಯವರು ತಮ್ಮ ಮಕ್ಕಳಿಗೆ ಟ್ಯೂಷನ್ ಹೇಳಿರೆಂದು ದುಂಬಾಲು ಬೀಳುತ್ತಾರೆ. ಮನೆಯ ಖರ್ಚು ಹೇಗಾದರೂ ಸಾಗುವಂತಿದ್ದರೆ ಮೊದಲ ಎರಡು ತಿಂಗಳು ಇವೆರಡಕ್ಕೂ ಒಪ್ಪಬೇಡಿರಿ. ಹಣದ ಚಿಂತೆ ನಿದ್ದೆ ಕೆಡಿಸುತ್ತಿದ್ದರೆ ಕಾಗದಪತ್ರಗಳನ್ನು ಮೊದಲೇ ಮುಗಿಸಿಕೊಳ್ಳಿರಿ: ಬಿಡುಗಡೆ ಪತ್ರ, ಅನುಭವ ಪ್ರಮಾಣಪತ್ರ, ಪಿಎಫ್ ವಿವರ. ಒಂದೇ ಸಂಸ್ಥೆಯಲ್ಲಿ 5 ವರ್ಷ ಎಡೆಬಿಡದೆ ದುಡಿದ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಂಸ್ಥೆ ಕೊಡಬೇಕಾದ ಸೇವೆಯ ಹಣ, ಸಲ್ಲುತ್ತದೆ. 2009ರ ತಿದ್ದುಪಡಿ ಅವರನ್ನು ಗ್ರಾಚ್ಯುಟಿ ಕಾಯ್ದೆಯ ವ್ಯಾಪ್ತಿಗೆ ತಂದಿತು, 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೇಳಲು ಸಂಕೋಚಪಡುವವರೇ ಹೆಚ್ಚು, ಅದಕ್ಕೇ ಇಲ್ಲಿ ಹೇಳಬೇಕಾಯಿತು.

ಶಾಲೆಯ ವಾಟ್ಸ್‌ಆ್ಯಪ್ ಗುಂಪುಗಳಿಂದ ಒಂದೇ ದಿನ ಹೊರಬನ್ನಿರಿ. ಸದ್ದು ಮಾತ್ರ ಬಂದ್ ಮಾಡಿ ಗುಂಪಿನಲ್ಲಿ ಉಳಿದರೆ ರಾತ್ರಿ ಹತ್ತಕ್ಕೆ ಬರುವ ‘ನಾಳೆ ಬೆಳಿಗ್ಗೆಯೊಳಗೆ ಮಾಹಿತಿ ಕಳಿಸಿ’ ಎಂಬ ಸಂದೇಶವನ್ನು ನೀವು ಓದಿಯೇ ಓದುತ್ತೀರಿ. ಹತ್ತಿರದ ಸಹೋದ್ಯೋಗಿಗಳೊಡನೆ ಮಾತು ಬಿಡಬೇಕಿಲ್ಲ. ಆದರೆ ಭೇಟಿಯಾದಾಗ ಶಾಲೆಯ ರಾಜಕೀಯವೇ ಮಾತಾಗುತ್ತಿದ್ದರೆ ಸ್ವಲ್ಪ ಕಾಲ ಭೇಟಿ ಕಡಿಮೆ ಮಾಡುವುದು ಮೇಲು.

ದಣಿವು ಸ್ವಲ್ಪ ಇಳಿದ ಮೇಲೆ ಒಂದು ನೋಟ್‌ಬುಕ್ ತೆಗೆದುಕೊಂಡು, ಯಾವುದು ನಿಮ್ಮನ್ನು ಸುಸ್ತು ಮಾಡಿತು, ಯಾವುದನ್ನು ನೆನೆದರೆ ದುಃಖವಾಗುತ್ತದೆ ಎಂಬುದನ್ನು ಬೇರೆ ಬೇರೆ ಪುಟದಲ್ಲಿ ಬರೆಯಿರಿ. ಈ ಬರಹದಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಇದಕ್ಕೇ. ಸರ್ಕಾರಿ ಶಾಲೆಯವರ ಮೊದಲ ಪುಟದಲ್ಲಿ ಬಿಸಿಯೂಟದ ಲೆಕ್ಕ, ವಿದ್ಯಾರ್ಥಿಗಳ ವಿವರ ದಾಖಲಿಸುವ ಸರ್ಕಾರಿ ಜಾಲತಾಣ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಮತದಾರರ ಪಟ್ಟಿಯ ಕೆಲಸ ಬರಬಹುದು. ಖಾಸಗಿ ಶಾಲೆಯವರಲ್ಲಿ ಫಲಿತಾಂಶದ ಶೇಕಡಾವಾರು, ಪಾಲಕರ ಫೋನುಗಳು, ಏಪ್ರಿಲ್ ಬಿಸಿಲಿನಲ್ಲಿ ಹೊಸ ಪ್ರವೇಶಕ್ಕಾಗಿ ಕರಪತ್ರ ಹಿಡಿದು ಮನೆಮನೆ ತಿರುಗಿದ್ದು ಬರಬಹುದು. ಎರಡನೆಯ ಪುಟದಲ್ಲಿ ಹೆಚ್ಚಾಗಿ ಮಕ್ಕಳೇ ಇರುತ್ತಾರೆ. ಕಾಗುಣಿತ ತಪ್ಪದೆ ಮೊದಲ ಸಲ ಇಡೀ ವಾಕ್ಯ ಬರೆದು, ಪಾಟಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಬೆಂಚುಗಳ ನಡುವೆ ಓಡಿಬಂದ ಹುಡುಗಿಯನ್ನು ನೆನೆದು ಕಣ್ಣೀರು ಬಂದರೆ ಅದು ಪ್ರೀತಿಸಿದ್ದನ್ನು ಕಳೆದುಕೊಂಡ ದುಃಖ. ಅದಕ್ಕೆ ಅಳುವುದೇ ಮದ್ದು. ಸುಸ್ತಿಗೆ ಬೇಕಾದದ್ದು ವಿಶ್ರಾಂತಿ. ಇವೆರಡೂ ಕಲಸಿಕೊಂಡಿರುವಷ್ಟು ದಿನ ಮತ್ತೆ ಶಾಲೆಗೆ ಹೋಗಬೇಕೋ ಬೇಡವೋ ಎಂಬುದು ಬಗೆಹರಿಯುವುದಿಲ್ಲ.

ಜನರ ಪ್ರಶ್ನೆಗೆ ಮೊದಲೇ ಸಿದ್ಧರಾಗಿರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹಳೆಯ ವಿದ್ಯಾರ್ಥಿ ಎದ್ದು ನಿಂತು, ‘ಕುಂಡ್ರಿ ಅಕ್ಕೋರ, ಈಗ ಯಾವ ಸಾಲ್ಯಾಗದೀರಿ?’ ಎಂದು ಕೇಳಿದಾಗ ಆಗಿಂದಾಗ ಹೊಂದಿಸಿಕೊಂಡು ಉತ್ತರಿಸುವುದು ಕಷ್ಟ. ‘ತಬ್ಯೇತ್ ಸಲುವಾಗಿ ಬಿಟ್ಟೀನಿ, ಸ್ವಲ್ಪ ದಿನ ಆರಾಮ ಮಾಡ್ತೀನಿ’ ಎಂಬ ಒಂದು ಮಾತು ಸಾಕು. ಬೀಗರಿಗೂ ಇದೇ ಉತ್ತರ ಕೊಡಿರಿ. ವಿವರಿಸಲು ಹೊರಟರೆ ಸಮರ್ಥನೆ ಮಾಡಿಕೊಂಡಂತಾಗಿ ಮನೆಗೆ ಬಂದ ಮೇಲೆ ಇನ್ನಷ್ಟು ಕೊರೆಯುತ್ತದೆ.

ದಿನದಲ್ಲಿ ಹೆಚ್ಚು ಕಾಡುವುದು ಶಾಲೆಯ ಪ್ರಾರ್ಥನೆಯ ಹೊತ್ತು. ಆಗ ಮನೆಯೊಳಗೆ ಕೂಡದೆ ಕೆಲಗೇರಿ ಕೆರೆಯ ದಂಡೆಗೋ, ಹುಬ್ಬಳ್ಳಿಯವರಾದರೆ ಉಣಕಲ್ ಕೆರೆಗೋ ನೃಪತುಂಗ ಬೆಟ್ಟಕ್ಕೋ ನಡೆದು ಬನ್ನಿರಿ. ಶಾಲೆ ಆರಂಭವಾಗುವ ಜೂನ್ ಹಾಗೂ ಶಿಕ್ಷಕರ ದಿನವಾದ ಸೆಪ್ಟೆಂಬರ್ 5 ಇನ್ನೂ ಕಷ್ಟದ ದಿನಗಳು. ಊರಿನಲ್ಲಿ ಹೊಲವಿದ್ದರೆ ಮುಂಗಾರು ಬಿತ್ತನೆಯ ನೆಪದಲ್ಲಿ ಹೋಗಿ ಒಂದು ವಾರ ಇದ್ದು ಬರುವುದು ಸರಿಯಾದ ಉಪಾಯ.

ಎರಡು ವಾರ ಕಳೆದರೂ ದಿನದ ಬಹುಪಾಲು ಖಿನ್ನತೆಯೇ ಆವರಿಸಿದ್ದರೆ, ಊಟ, ನಿದ್ದೆ, ಮನೆಯವರ ಮಾತು ಯಾವುದೂ ಬೇಡವಾಗಿದ್ದರೆ, ಅದನ್ನು ಕೆಲಸದ ದಣಿವೆಂದು ತಳ್ಳಿಹಾಕದೆ ವೈದ್ಯರಿಗೆ ತೋರಿಸಬೇಕು. ಬದುಕೇ ಬೇಡವೆನಿಸಿದರಂತೂ ಅಂದೇ ಮನೆಯವರಿಗೆ ತಿಳಿಸಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಈ ಭಾಗದವರಿಗೆಲ್ಲ ಹತ್ತಿರದ ಸರ್ಕಾರಿ ಮಾನಸಿಕ ಆಸ್ಪತ್ರೆ. ‘ಧಾರವಾಡಕ್ಕೆ ಒಯ್ಯಬೇಕು ನೋಡು’ ಎಂಬ ಹಳೆಯ ಚೇಷ್ಟೆಯ ಮಾತಿಗೆ ಅಂಜಿ ಅಲ್ಲಿಯ ಹೊರರೋಗಿ ವಿಭಾಗವನ್ನು ತಪ್ಪಿಸುವುದು ನಷ್ಟದ ವ್ಯವಹಾರ. ಖಿನ್ನತೆಯ ಮಾತ್ರೆಗಳ ಪರಿಣಾಮ ಕಾಣಲು ಕೆಲವು ವಾರಗಳು ಬೇಕಾಗುತ್ತವೆ. ನಾಲ್ಕು ದಿನ ನುಂಗಿ ಗುಣ ಕಾಣಲಿಲ್ಲವೆಂದು ಬಿಡಬಾರದು, ಗುಣವಾಯಿತೆಂದು ತಾವಾಗಿಯೇ ನಿಲ್ಲಿಸಲೂ ಬಾರದು.

ಮುಂದೆ ಪಾಠ ಮಾಡುವ ಆಸೆ ತಾನಾಗಿ ಮರಳಿದರೆ ವಾರಕ್ಕೆ ಒಂದೆರಡು ತಾಸು, ಇಬ್ಬರು ಮೂವರು ಮಕ್ಕಳಿಗೆ ಹೇಳಿಕೊಟ್ಟು ನೋಡಿರಿ. ಮತ್ತೆ ಶಾಲೆ ಸೇರುವುದಾದರೆ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ವಾರಕ್ಕೆ ಎಷ್ಟು ಪಿರಿಯಡ್, ಒಂದು ತರಗತಿಯಲ್ಲಿ ಎಷ್ಟು ಮಕ್ಕಳು, ಸಂಜೆಯ ನಂತರ ಬಂದ ಸಂದೇಶಗಳಿಗೆ ಉತ್ತರಿಸಬೇಕೇ, ಬೇಸಿಗೆಯಲ್ಲಿ ಪ್ರವೇಶಕ್ಕಾಗಿ ತಿರುಗಬೇಕೇ ಎಂಬುದನ್ನು. ಬಾಯಿಮಾತಿನ ಭರವಸೆ ಕೊಟ್ಟರೆ ಅದನ್ನು ನೇಮಕಾತಿ ಪತ್ರದಲ್ಲಿ ಬರೆದುಕೊಡಲು ಕೇಳಿರಿ.