ಲಾಕರ್ ಹಾಕಿಸುವ ಮೊದಲು ಶಾಫ್ಟ್ ನೋಡಿ

ಜೀಪಿನಲ್ಲಿ ತೋಟಕ್ಕೆ ಗೊಬ್ಬರ ಏರಿಸುವವರಿಗೂ ಭಾನುವಾರ ಗುಡ್ಡ ಹತ್ತುವ ಹುಡುಗರಿಗೂ ಆಟಿ ತಿಂಗಳಲ್ಲಿ ಒಂದೇ ಪಾಡು. ಮಳೆಗೆ ಜೇಡಿಮಣ್ಣು ಸಾಬೂನಿನಂತೆ ಜಾರುತ್ತದೆ, ಏರಿನ ನಡುವೆ ಮುರಕಲ್ಲಿನ ಮೆಟ್ಟಿಲು, ಒಂದು ಬದಿಯಲ್ಲಿ ನೀರು ಕೊರೆದ ಕಣಿ. ಹಿಂದಿನ ಒಂದು ಚಕ್ರ ಕಣಿಯ ಮೇಲೆ ತೇಲಿತೆಂದರೆ ಅದೊಂದೇ ಗಿರಗಿರ ತಿರುಗುತ್ತದೆ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಅಲುಗುವುದಿಲ್ಲ. ಆಗ ಎಲ್ಲರ ಬಾಯಲ್ಲಿ ಬರುವ ಮಾತು, 'ಲಾಕರ್ ಹಾಕಿಸಬೇಕು.' ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಕಟ್ಟಿಹಾಕುವ ಸಾಧನ ಅದು.

ನಾನೂ ಹಾಗೇ ಹಾಕಿಸಿದೆ. ಕಾರ್ಕಳದ ಆಚೆ ಒಂದು ತೋಟದ ಏರಿನಲ್ಲಿ ಮೂರನೇ ಸಲಕ್ಕೆ ಹಿಂದಿನಿಂದ 'ಟಣ್' ಎಂದಿತು, ಜೀಪು ನಿಂತಿತು. ಚಕ್ರವನ್ನು ತಿರುಗಿಸುವ ಉಕ್ಕಿನ ಸರಳು, ಅಂದರೆ ಆಕ್ಸಲ್ ಶಾಫ್ಟ್, ಎಳೆದು ಅಂಗಳದಲ್ಲಿಟ್ಟು ಒರೆಸಿದೆವು. ಗೇರಿಗೆ ಕಚ್ಚಿಕೊಳ್ಳುವ ತುದಿಯಲ್ಲಿ ನೇರವಾಗಿರಬೇಕಿದ್ದ ಸ್ಪ್ಲೈನ್ ಗೆರೆಗಳು ಹಗ್ಗದ ಹುರಿಯಂತೆ ತಿರುಚಿದ್ದವು. ತುಂಡಾದ ಮುಖದಲ್ಲಿ ಅಂಚಿನ ಕಾಲು ಭಾಗ ಕಪ್ಪಾಗಿ ನುಣ್ಣಗಿತ್ತು, ಉಳಿದದ್ದು ಸಕ್ಕರೆ ಹರಳಿನಂತೆ ಹೊಳೆಯುತ್ತಿತ್ತು. ಕಪ್ಪಗಿದ್ದದ್ದು ಹಳೆಯ ಬಿರುಕು. ಲಾಕರ್ ಬರುವ ಮೊದಲೇ ಆ ಶಾಫ್ಟ್ ಸೋತಿತ್ತು. "ಲಾಕರ್ ಹಾಕುವುದು ದೊಡ್ಡದಲ್ಲ ಮಾರಾಯ್ರೆ, ಅದರ ಜೋರಿಗೆ ಶಾಫ್ಟ್ ನಿಲ್ಲಬೇಕಲ್ಲ?" ಎಂದರು ಗ್ಯಾರೇಜಿನ ಹಿರಿಯರು. ಕೆಳಗಿನ ಕ್ರಮವೆಲ್ಲ ಆ ಒಂದು ಮಾತಿನಿಂದ ಹುಟ್ಟಿದ್ದು.

ಬಲದ ಲೆಕ್ಕ

ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಕೂಟವೇ ಡಿಫರೆನ್ಷಿಯಲ್. ಸಾಧಾರಣ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಸಮ ಬಲ ಹಂಚುತ್ತದೆ. ತೊಡಕೂ ಅಲ್ಲೇ. ತೇಲುವ ಚಕ್ರವನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಲಾಕರ್ ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕುತ್ತದೆ, ಬಲವೆಲ್ಲ ಹಿಡಿತ ಇರುವ ಕಡೆಗೆ ಹೋಗುತ್ತದೆ.

ಎಂಜಿನ್ 250 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ ಎಂದಿಟ್ಟುಕೊಳ್ಳಿ. ಮೊದಲ ಗೇರ್ 4, ಏರಿಗೆ ಹಾಕುವ ಲೋ ರೇಂಜ್ ಗೇರ್ 2.5, ಆಕ್ಸಲ್ ನಡುವಿನ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ ಅನುಪಾತ 4. ಗುಣಿಸಿದರೆ 10,000 ನ್ಯೂಟನ್ ಮೀಟರ್. ಮುಂದಿನ ಆಕ್ಸಲ್ ಅರ್ಧ ಹೊತ್ತರೂ ಹಿಂದೆ 5,000 ಉಳಿಯಿತು. ಲಾಕರ್ ಇಲ್ಲದಿದ್ದರೆ ಒಂದು ಶಾಫ್ಟಿನ ಪಾಲು 2,500 ದಾಟುವುದಿಲ್ಲ. ಲಾಕ್ ಆಗಿ ಒಂದು ಚಕ್ರ ಗಾಳಿಯಲ್ಲಿದ್ದರೆ, ನೆಲ ಹಿಡಿದಷ್ಟೂ ಬಲ ಇನ್ನೊಂದೇ ಶಾಫ್ಟಿನ ಮೇಲೆ ಬೀಳುತ್ತದೆ.

ಮೊದಲು ಬಿಚ್ಚಿ ನೋಡಿ

ಖರ್ಚಿಗೆ ಇಳಿಯುವ ಮೊದಲು ಟಯರ್ ನೋಡಿಕೊಳ್ಳಿ. ಕಚ್ಚು ಚೆನ್ನಾಗಿರುವ ಟಯರಿನ ಗಾಳಿಯನ್ನು ಕೆಸರಿನಲ್ಲಿ 18-20 ಪಿಎಸ್‌ಐಗೆ ಇಳಿಸಿ ಗಾಡಿಯನ್ನು ನಿಧಾನ ಏರಿಸಿ. ಎಷ್ಟೋ ಏರು ಅಷ್ಟಕ್ಕೇ ಮುಗಿಯುತ್ತದೆ. ಡಾಂಬರಿಗೆ ಬಂದ ಕೂಡಲೇ ಮತ್ತೆ ತುಂಬಿಸಲೇಬೇಕು. ಗಾಡಿಯಲ್ಲಿ ಲಾಕ್ ಮೊದಲೇ ಇದೆಯೇ ಎಂದೂ ವಿಚಾರಿಸಿ. ಫೋರ್ಸ್ ಗೂರ್ಖಾಕ್ಕೆ ಕಂಪನಿಯಿಂದಲೇ ಹಿಂದೆ ಮುಂದೆ ಎರಡೂ ಕಡೆ ಡಿಫ್ ಲಾಕ್ ಬರುತ್ತದೆ. ಮಹೀಂದ್ರ ಥಾರ್‌ನ ಕೆಲವು ಮಾದರಿಗಳ ಹಿಂದಿನ ಆಕ್ಸಲ್‌ನಲ್ಲಿ ತನ್ನಷ್ಟಕ್ಕೆ ಬೀಳುವ ಮೆಕ್ಯಾನಿಕಲ್ ಲಾಕ್ ಇದೆ. ಮಾರುತಿ ಜಿಮ್ನಿಯಲ್ಲಿರುವುದು ಜಾರುವ ಚಕ್ರಕ್ಕೆ ಬ್ರೇಕ್ ಹಿಡಿಯುವ ವ್ಯವಸ್ಥೆ, ಅದು ಲಾಕರ್ ಅಲ್ಲ.

ಬಳಿಕ ಆಕ್ಸಲ್ ಗೇರುಗಳ ಗೂಡಾದ ಹೌಸಿಂಗ್‌ನ ಆಯಿಲ್ ಇಳಿಸಿ. ಡ್ರೈನ್ ಬೋಲ್ಟಿನಲ್ಲಿ ಅಯಸ್ಕಾಂತ ಇದ್ದರೆ ಅದಕ್ಕೆ ಅಂಟಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ವಿಭೂತಿಯಷ್ಟು ನುಣುಪಾದ ಬೂದು ಪೇಸ್ಟ್ ಸಹಜ. ಚೂರು, ಸಿಬಿರು ಸಿಕ್ಕರೆ ಗೇರ್ ಹಲ್ಲೋ ಬೇರಿಂಗೋ ಹೋಗಿದೆ. ಆಯಿಲ್ ಹಾಲು ಹಾಕಿದ ಚಹಾದಂತಿದ್ದರೆ ನೀರು ಸೇರಿದೆ. ಎರಡೂ ಶಾಫ್ಟ್ ಹೊರಗೆಳೆದು ಸ್ಪ್ಲೈನ್ ಗೆರೆಗೆ ಸ್ಕೇಲ್ ಹಿಡಿಯಿರಿ. ಗೆರೆ ಸ್ವಲ್ಪ ಓರೆಯಾಗಿದ್ದರೂ ಆ ಶಾಫ್ಟನ್ನು ಮತ್ತೆ ಹಾಕಬೇಡಿ, ಮುರಿದದ್ದನ್ನು ವೆಲ್ಡ್ ಮಾಡಿಸುವುದಂತೂ ಬೇಡವೇ ಬೇಡ.

ಶಾಫ್ಟ್ ದಪ್ಪ, ಆಕ್ಸಲ್ ಬಗೆ

ಶಾಫ್ಟಿನ ತಿರುಚು ತಾಳಿಕೆ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿ.ಮೀ. ಬದಲು 33 ಮಿ.ಮೀ. ಹಾಕಿದರೆ ದಪ್ಪ ಏರಿದ್ದು ನೂರಕ್ಕೆ 10, ಬಲ ಏರಿದ್ದು ನೂರಕ್ಕೆ 33. ದಪ್ಪ ಮಾಡಲು ಜಾಗವಿಲ್ಲದಿದ್ದರೆ ಲೋಹ ಬದಲಿಸಬೇಕು. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ 4340 ಉಕ್ಕು ಇದಕ್ಕೆ ಹೆಸರಾದದ್ದು. ನಮ್ಮ ಲೇತ್‌ನವರು ಇಎನ್ 24 ಎನ್ನುವುದು ಅದರ ಹತ್ತಿರದ ಜಾತಿ. ಬೈಕಂಪಾಡಿ ಕಡೆ ಲೇತ್‌ನಲ್ಲಿ ಮಾಡಿಸುವವರು ಒಂದು ಮಾತು ಮರೆಯದೆ ಕೇಳಿ: ಹೀಟ್ ಟ್ರೀಟ್‌ಮೆಂಟ್ ಎಲ್ಲಿ, ಎಷ್ಟು ಗಡಸಿಗೆ ಮಾಡಿಸುತ್ತೀರಿ? ಅದಿಲ್ಲದೆ ಒಳ್ಳೆಯ ಉಕ್ಕೂ ವ್ಯರ್ಥ.

ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಅದು ಮುರಿದರೆ ಚಕ್ರವೇ ಕಳಚಿ ಬರುವ ಅಪಾಯ ಉಂಟು. ಫುಲ್ ಫ್ಲೋಟಿಂಗ್‌ನಲ್ಲಿ ಭಾರ ಹೊರುವುದು ಹಬ್, ಶಾಫ್ಟಿಗೆ ತಿರುಗಿಸುವ ಕೆಲಸ ಮಾತ್ರ. ಲಾರಿಯ ಹಿಂದಿನ ಚಕ್ರದ ನಡುವೆ ಸುತ್ತ ಬೋಲ್ಟಿರುವ ಉಬ್ಬು ಕಾಣುತ್ತದಲ್ಲ, ಅದೇ. ಭಾರ ಹೊರುವ ಗಾಡಿಗೆ ನನ್ನ ಮತ ಫುಲ್ ಫ್ಲೋಟಿಂಗ್‌ಗೆ. ಆದರೆ ಇಡೀ ಆಕ್ಸಲ್ ಬದಲಿಸುವುದಾದರೆ ಅಗಲ, ಸ್ಪ್ರಿಂಗ್ ಪಟ್ಟಾ ಕೂರುವ ಜಾಗ, ಪಿನಿಯನ್ ಕೋನ, ಬ್ರೇಕ್, ಚಕ್ರದ ಬೋಲ್ಟ್ ಅಳತೆ ಎಲ್ಲವೂ ಕೂಡಬೇಕು. ಪಿನಿಯನ್ ಕೋನ ತಪ್ಪಿದರೆ, ಗೇರ್ ಬಾಕ್ಸಿನಿಂದ ಆಕ್ಸಲ್ಲಿಗೆ ಬಲ ತರುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಕ್ರಾಸ್, ಬಾಳುವುದಿಲ್ಲ.

ಟಯರ್ ದೊಡ್ಡದಾದರೆ ಕ್ರೌನ್ ಪಿನಿಯನ್ ಅನುಪಾತವೂ ಏರಬೇಕು. ವಿಷಯ ಚಿಕ್ಕದು, ಆದರೆ ತಪ್ಪಿದರೆ ದುಬಾರಿ. 28 ಇಂಚಿನ ಟಯರಿನಿಂದ 31ಕ್ಕೆ ಹೋದರೆ 4.10 ಅನುಪಾತವನ್ನು 31ರಿಂದ ಗುಣಿಸಿ 28ರಿಂದ ಭಾಗಿಸಿ: 4.54. ಅದಕ್ಕೆ ಹತ್ತಿರದ್ದು 4.56. ಹಿಂದೆ ಬದಲಿಸಿದರೆ ಮುಂದೆಯೂ ಅದೇ ಬೇಕು, ಇಲ್ಲವಾದರೆ ಫೋರ್ ವೀಲ್ ಹಾಕಿದಾಗ ಎರಡು ಆಕ್ಸಲ್‌ಗಳು ಒಂದನ್ನೊಂದು ಎಳೆದಾಡುತ್ತವೆ.

ಯಾವ ಲಾಕರ್?

ಮನೆಯ ಗಾಡಿಯೂ ಅದೇ, ಗುಡ್ಡದ ಗಾಡಿಯೂ ಅದೇ ಎನ್ನುವವರು ಸ್ವಿಚ್ಚಿನಿಂದ ಬೀಳುವ ಲಾಕರ್ ಆರಿಸಿ. ಗಾಳಿಯ ಒತ್ತಡದ್ದು, ವಿದ್ಯುತ್ತಿನದ್ದು ಎರಡೂ ಉಂಟು. ಬಿಟ್ಟಾಗ ಸಾಧಾರಣ ಡಿಫರೆನ್ಷಿಯಲ್, ಒತ್ತಿದಾಗ ಪೂರ್ತಿ ಲಾಕ್. ಗಾಳಿಯದ್ದಕ್ಕೆ ಕಂಪ್ರೆಸರ್ ಬೇಕು, ಅದರಿಂದಲೇ ಟಯರಿಗೂ ಗಾಳಿ ತುಂಬಿಸಬಹುದು. ಕೆಸರು, ಕೋಲು ತಾಗದಂತೆ ಪೈಪನ್ನು ಹೌಸಿಂಗ್‌ನ ಮೇಲ್ಬದಿಯಲ್ಲಿ ಒಯ್ಯಬೇಕು. ವಿದ್ಯುತ್ತಿನದ್ದರಲ್ಲಿ ವೈರಿನ ಜೋಡಣೆಗೆ ನೀರು ತಾಗದಂತೆ ನೋಡಿ, ನಮ್ಮ ಕರಾವಳಿಯ ಉಪ್ಪುಗಾಳಿ ತಾಮ್ರವನ್ನು ಬೇಗ ಹಸಿರು ಮಾಡುತ್ತದೆ.

ಸ್ವಿಚ್ಚಿಲ್ಲದೆ ತನ್ನಷ್ಟಕ್ಕೆ ಬೀಳುವ ಸ್ವಯಂಚಾಲಿತ ಲಾಕರ್ ಅಗ್ಗ, ಸರಳ, ಗಟ್ಟಿ. ತೋಟ ಬಿಟ್ಟು ಹೋಗದ ಜೀಪಿಗೆ ಅದು ಸಾಕು. ಆದರೆ ಮಳೆಯಲ್ಲಿ ಆಗುಂಬೆ ಘಾಟಿಯ 14 ತಿರುವು ಹತ್ತುವ ಗಾಡಿಗೆ ನಾನು ಹೇಳುವುದಿಲ್ಲ. ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಬಲವೆಲ್ಲ ಒಳಬದಿಯ ಚಕ್ರಕ್ಕೆ ಹೋಗಿ ಒದ್ದೆ ರಸ್ತೆಯಲ್ಲಿ ಹಿಂಭಾಗ ಬೀಸುತ್ತದೆ. ಪೂರ್ತಿ ಲಾಕ್ ಆಗದೆ ಜಾರುವಿಕೆಯನ್ನಷ್ಟೇ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಡಾಂಬರಿಗೆ ಸೌಮ್ಯ, ಆದರೆ ಚಕ್ರ ಪೂರ್ತಿ ತೇಲಿದಾಗ ಅದರ ನೆರವು ಕಡಿಮೆ. ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳಾದ ಸ್ಟಾರ್ ಪಿನಿಯನ್‌ಗೆ ವೆಲ್ಡ್ ಹೊಡೆಸುವ ಅಭ್ಯಾಸವೂ ಕೆಲವರಲ್ಲಿದೆ. ರಸ್ತೆಗಿಳಿಯುವ ಗಾಡಿಗೆ ದಯವಿಟ್ಟು ಬೇಡ, ಅದು ಪ್ರತಿ ತಿರುವಿನಲ್ಲೂ ಟಯರ್ ತಿನ್ನುತ್ತದೆ, ಶಾಫ್ಟ್ ಮುರಿಯುತ್ತದೆ.

ಜೋಡಣೆ

ಇಲ್ಲಿ ಅವಸರ ಕೂಡದು. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳ ನಡುವಿನ ಸಡಿಲ ಹಲವು ಆಕ್ಸಲ್‌ಗಳಲ್ಲಿ 0.15ರಿಂದ 0.25 ಮಿ.ಮೀ. ಇರಬೇಕು. ನಿಮ್ಮ ಗಾಡಿಯ ಅಳತೆ ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಆ ಸಡಿಲ ಅಳೆಯುವ ಡಯಲ್ ಗೇಜ್ ಇಲ್ಲದೆ ಕೈಯಲ್ಲಿ ಅಲ್ಲಾಡಿಸಿ 'ಸರಿ ಉಂಟು' ಎನ್ನುವವರಲ್ಲಿ ಈ ಕೆಲಸ ಕೊಡಬೇಡಿ. ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಅಂಚಿಗೆ ಬಿದ್ದರೆ ಅಂತರ ಹೊಂದಿಸುವ ತೆಳು ಬಿಲ್ಲೆ, ಅಂದರೆ ಶಿಮ್, ಬದಲಿಸಿ ಮತ್ತೆ ಮೊದಲಿನಿಂದ. ನಾನು ಕೂತು ನೋಡಿದ ಜೋಡಣೆಯಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆರು ಸಲ ಬಿಚ್ಚಿದ್ದರು. ಆ ಗಾಡಿ ಇಂದಿಗೂ ಸದ್ದಿಲ್ಲದೆ ಓಡುತ್ತಿದೆ.

ಹೌಸಿಂಗ್‌ನ ಉಸಿರುನಾಳ, ಅಂದರೆ ಬ್ರೀದರ್, ಇದೇ ಹೊತ್ತಿಗೆ ಎತ್ತರಿಸಿ. ಏರು ಹತ್ತಿ ಬಿಸಿಯಾದ ಹೌಸಿಂಗ್ ತೋಡಿನ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರುತ್ತದೆ. ಒಂದು ರಬ್ಬರ್ ಪೈಪ್ ಸಿಕ್ಕಿಸಿ ಬ್ಯಾಟರಿಯ ಮಟ್ಟದವರೆಗೆ ಏರಿಸಿದರೆ ಮುಗಿಯಿತು.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಗಾಡಿಯ ಬದಲಾವಣೆಗೆ ಮಿತಿ ಹಾಕುತ್ತದೆ. ನಿಮ್ಮದು ಕೆಎ 19 ಇರಲಿ, ಕೆಎ 20 ಇರಲಿ, ಆಕ್ಸಲ್ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲೂ ವಿಮೆಯವರಲ್ಲೂ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಹೊಸ ಕ್ರೌನ್ ಪಿನಿಯನ್ ಹಾಕಿದ ಮೇಲೆ ಮೊದಲ ದಿನ 25-30 ಕಿ.ಮೀ. ಓಡಿಸಿ, ಪೂರ್ತಿ ತಣಿಯಲು ಬಿಡಿ. ಭಾರ ಎಳೆಯುವುದು, ಗುಡ್ಡ ಹತ್ತುವುದು ಸದ್ಯಕ್ಕೆ ಬೇಡ. ಸುಮಾರು 800 ಕಿ.ಮೀ.ಗೆ ಆಯಿಲ್ ಬದಲಿಸಿ, ಬಿಳಿ ಬಟ್ಟೆಯ ಮೇಲೆ ಹಳೆಯ ಆಯಿಲ್ ಸುರಿದು ಬಿಸಿಲಿಗೆ ಹಿಡಿದು ನೋಡಿ. ಸಣ್ಣ ಮಿನುಗು ಕಂಡರೆ ಹೆದರಬೇಡಿ, ಅದು ಹೊಸ ಹಲ್ಲು ಸವೆದು ಕೂತದ್ದು. ಉಗುರಿಗೆ ಸಿಗುವ ಚೂರು ಕಂಡರೆ ಮಾತ್ರ ಅಲ್ಲಿಂದ ಗಾಡಿ ಓಡಿಸಿಕೊಂಡು ಬರಬೇಡಿ, ಜೋಡಿಸಿದವರನ್ನೇ ಕರೆಸಿ.