ಪ್ಯಾನೆಲ್ ಬಾಗಿಲು ತೆರೆಯುವ ಮುಂಚೆ

ದಾವಣಗೆರೆ ಹತ್ತಿರದ ಒಂದು ಅಕ್ಕಿ ಗಿರಣಿಯಲ್ಲಿ ವಿದ್ಯುತ್ ಕೆಲಸ ನೋಡಿಕೊಳ್ಳುತ್ತೇನೆ. ಭದ್ರಾ ನಾಲೆಯ ಭತ್ತ ಬರುವ ಸೀಸನ್‌ನಲ್ಲಿ ಗಿರಣಿ ನಿಲ್ಲಿಸುವ ಮಾತೇ ಇಲ್ಲ. ಹಾಗಾಗಿ ಕರೆಂಟ್ ಇದ್ದಾಗಲೇ ಪ್ಯಾನೆಲ್ ಬಾಗಿಲು ತೆಗೆದು, ಕರೆಂಟ್ ಅಳೆಯುವ ಟಾಂಗ್ ಟೆಸ್ಟರ್ ಹಾಕುವುದು ನಮಗೆಲ್ಲ ರೂಢಿಯಾಗಿತ್ತು. ಒಂದು ರಾತ್ರಿ ಒಳಗಿನ ಬಸ್‌ಬಾರ್, ಅಂದರೆ ಕರೆಂಟ್ ಹರಿಯುವ ತಾಮ್ರದ ಪಟ್ಟಿಗಳ ನಡುವೆ ಹಲ್ಲಿ ಸಿಕ್ಕಿಕೊಂಡಿತು. ಬಾಗಿಲು ಮುಚ್ಚಿತ್ತು, ಯಾರಿಗೂ ಏನೂ ಆಗಲಿಲ್ಲ. ಬೆಳಗ್ಗೆ ತೆಗೆದು ನೋಡಿದರೆ ಒಳಮೈಗೆ ಕರಗಿದ ತಾಮ್ರ ಹನಿಹನಿಯಾಗಿ ಅಂಟಿತ್ತು. ಹಿಂದಿನ ಸಂಜೆ ನಮ್ಮ ಹುಡುಗ ಅದೇ ಬಾಗಿಲು ತೆಗೆದು ಅಲ್ಲೇ ನಿಂತಿದ್ದ.

ಶಾಕ್ ಅಂದರೆ ಎಲ್ಲರಿಗೂ ಭಯ. ಆದರೆ ಅವತ್ತು ಒಳಗೆ ಆಗಿದ್ದು ಆರ್ಕ್ ಫ್ಲ್ಯಾಶ್, ಅಂದರೆ ಕರೆಂಟ್ ಗಾಳಿಯಲ್ಲೇ ಹಾರಿ ಏಳುವ ಬೆಂಕಿಯಂಥ ಝಳ. ಅದು ಸುಡಲು ಏನನ್ನೂ ಮುಟ್ಟಬೇಕಿಲ್ಲ, ಎದುರಿಗೆ ನಿಂತರೆ ಸಾಕು. ಚದರ ಸೆಂಟಿಮೀಟರ್ ಚರ್ಮಕ್ಕೆ 1.2 ಕ್ಯಾಲೊರಿ ಬಿದ್ದರೆ ಬೊಬ್ಬೆ ಏಳುತ್ತದೆ.

ಅವತ್ತೇ ಲೆಕ್ಕಕ್ಕೆ ಕೂತೆ. ಟ್ರಾನ್ಸ್‌ಫಾರ್ಮರ್ ನೇಮ್‌ಪ್ಲೇಟ್ ಮೇಲೆ 500 ಕೆವಿಎ, 433 ವೋಲ್ಟ್, ಇಂಪಿಡೆನ್ಸ್ (ಕರೆಂಟಿಗೆ ಅದರ ಒಳಗಿನ ತಡೆ) ಶೇ. 4.5. ಪೂರ್ತಿ ಲೋಡ್ ಕರೆಂಟ್ 667 ಆಂಪಿಯರ್. ಅದನ್ನು 0.045ರಿಂದ ಭಾಗಿಸಿದರೆ ನೇರ ಶಾರ್ಟ್ ಆದಾಗಿನ ಕರೆಂಟ್, ಹೆಚ್ಚೆಂದರೆ 14,800. ಇಡೀ ಗಿರಣಿಯ ಕರೆಂಟ್ ಕಡಿಯುವ ಮುಖ್ಯ ಬ್ರೇಕರ್, ನಮ್ಮ 800 ಆಂಪಿಯರ್ ಎಸಿಬಿ, 15 ಪಟ್ಟಿಗೆ, ಅಂದರೆ 12,000ಕ್ಕೆ ತಕ್ಷಣ ಟ್ರಿಪ್ ಆಗುವಂತೆ ಇತ್ತು. ಇಷ್ಟು ಸಾಕಲ್ವಾ ಅಂತಲೇ ಇಷ್ಟು ವರ್ಷ ನಂಬಿದ್ದೆ. ಆದರೆ ಆರ್ಕ್ ನೇರ ಶಾರ್ಟ್ ಅಲ್ಲ, ನಡುವೆ ಉರಿಯುವ ಗಾಳಿಯೂ ಕರೆಂಟನ್ನು ತಡೆಯುತ್ತದೆ. ಆರ್ಕ್ ಲೆಕ್ಕಕ್ಕೆಂದೇ ಇರುವ ಐಇಇಇ 1584 ಮಾನದಂಡದ ಸೂತ್ರಕ್ಕೆ ಹಾಕಿದಾಗ 10,000ದ ಆಸುಪಾಸು ಬಂತು. ಅಷ್ಟಕ್ಕೆ ಎಸಿಬಿ ತಕ್ಷಣ ಬೀಳುವುದಿಲ್ಲ, 0.4 ಸೆಕೆಂಡ್ ಕಾಯುತ್ತದೆ. ಅಷ್ಟರಲ್ಲಿ ಒಂದೂವರೆ ಅಡಿ ದೂರದಲ್ಲಿ ನಿಂತವನ ಮೈಗೆ ಚದರ ಸೆಂಟಿಮೀಟರಿಗೆ 10 ಕ್ಯಾಲೊರಿಯಷ್ಟು ಬಿದ್ದಿರುತ್ತದೆ. ಕರೆಂಟ್ ಕಡಿಮೆ ಇದ್ದದ್ದೇ ಇಲ್ಲಿ ಜಾಸ್ತಿ ಅಪಾಯ ತಂದಿತ್ತು.

ಸೆಟ್ಟಿಂಗ್ 6 ಪಟ್ಟಿಗೆ, ಅಂದರೆ 4,800ಕ್ಕೆ ಇಳಿಸಿದೆ. ದೊಡ್ಡ ಮೋಟಾರ್ ಎದ್ದಾಗಲೂ ಒಟ್ಟು ಕರೆಂಟ್ ಅದರ ಹತ್ತಿರ ಹೋಗುವುದಿಲ್ಲ ಅಂತ ಮೊದಲೇ ಅಳೆದು ನೋಡಿದ್ದೆ. ಈಗ ಸುಮಾರು 0.06 ಸೆಕೆಂಡಲ್ಲಿ ಲೈನ್ ಕಡಿಯುತ್ತದೆ, ಒಂದೂವರೆ ಕ್ಯಾಲೊರಿ ಸುತ್ತಮುತ್ತ ನಿಲ್ಲುತ್ತದೆ.

"ಒಂದು ಮೋಟಾರ್ ಕೆಟ್ಟರೆ ಇಡೀ ಗಿರಣಿ ನಿಲ್ಲುತ್ತಾ?" ಅಂತ ಸಾವ್ಕಾರ್ರು ಕೇಳಿದರು. ಒಮ್ಮೊಮ್ಮೆ ನಿಲ್ಲಬಹುದು ಸರ್ ಅಂದೆ. ಕರಗಿದ ತಾಮ್ರ ತೋರಿಸಿದ ಮೇಲೆ ಒಪ್ಪಿದರು. ಒಂದೂವರೆ ಅಂದರೂ 1.2ಕ್ಕಿಂತ ಜಾಸ್ತಿಯೇ. ಅದಕ್ಕೆ 8 ಕ್ಯಾಲೊರಿ ತಡೆಯುವ ಸೂಟ್, ಮುಖದ ಶೀಲ್ಡ್ ತರಿಸಿದೆವು. ಒಳಗೆ ಹತ್ತಿ ಬಟ್ಟೆಯೇ ಇರಬೇಕು, ನೈಲಾನ್ ಕರಗಿ ಮೈಗೆ ಅಂಟುತ್ತದೆ. ಹಲ್ಲಿ ನುಗ್ಗದಂತೆ ಕೇಬಲ್ ತೂತುಗಳನ್ನೂ ಮುಚ್ಚಿಸಿದೆ.

ಒಂದು ಜಾಗಕ್ಕೆ ಮಾತ್ರ ಈ ಸೆಟ್ಟಿಂಗ್ ಉಪಯೋಗಕ್ಕೆ ಬರುವುದಿಲ್ಲ. ಎಸಿಬಿಗೆ ಟ್ರಾನ್ಸ್‌ಫಾರ್ಮರ್‌ನಿಂದ ಕೇಬಲ್ ಬರುವ ಕಡೆ ಆರ್ಕ್ ಆದರೆ ಎಸಿಬಿ ಬಿದ್ದರೂ ಅದು ಆರುವುದಿಲ್ಲ. ಇಲ್ಲಿನ 10,000 ಆಂಪಿಯರ್ 11 ಕೆವಿ ಕಡೆಗೆ ಸುಮಾರು 400 ಆಗಿ ಕಾಣುತ್ತದೆ. ಅಲ್ಲಿನ ರಕ್ಷಣೆ ಕಡಿಯುವವರೆಗೂ ಉರಿಯುತ್ತಲೇ ಇರುತ್ತದೆ. ಆ ಖಾನೆಗೆ ಬೀಗ ಹಾಕಿ ಕೀಲಿ ನಾನೇ ಇಟ್ಟುಕೊಂಡಿದ್ದೇನೆ. 11 ಕೆವಿ ಕಡೆ ಆಫ್ ಮಾಡಿ, ಕರೆಂಟ್ ಇಲ್ಲವೆಂದು ಟೆಸ್ಟ್ ಮಾಡಿ, ಅರ್ತ್ ಹಾಕಿದ ಮೇಲಷ್ಟೇ ಕೊಡುತ್ತೇನೆ.